ಎರಡು ಕೇಬಲ್‌ಗಳಲ್ಲಿ ಇಡೀ ವೇದಿಕೆ: ಡಾಂಟೆ ಸ್ಟೇಜ್ ಬಾಕ್ಸ್‌ಗಳನ್ನು ಅಳವಡಿಸಿ ಎಂಟು ತಿಂಗಳು ಬಳಸಿದ ಮೇಲೆ

ನಾನು ಧ್ವನಿ ವ್ಯವಸ್ಥೆಯ ಹೊಣೆ ಹೊತ್ತಿರುವ ಸಭಾಂಗಣದಲ್ಲಿ ವೇದಿಕೆಯಿಂದ ನಿಯಂತ್ರಣ ಕೊಠಡಿಯವರೆಗೆ ಹೆಬ್ಬೆರಳಿಗಿಂತ ದಪ್ಪನಾದ ಮಲ್ಟಿಕೋರ್ ಕೇಬಲ್ ಹಾದುಹೋಗಿತ್ತು. ಅದರೊಳಗಿನ ಇಪ್ಪತ್ತನಾಲ್ಕು ಜೋಡಿ ತಂತಿಗಳಲ್ಲಿ ಐದು ಸತ್ತಿದ್ದವು. ಇನ್ನೆರಡರಲ್ಲಿ ಬೆಳಕಿನ ಡಿಮ್ಮರ್ ಹಾಕಿದೊಡನೆ ಗುಂಯ್ ಎಂಬ ಸದ್ದು ಸೇರಿಕೊಳ್ಳುತ್ತಿತ್ತು. ಅದನ್ನು ಕಿತ್ತು, ಆ ಜಾಗದಲ್ಲಿ ಎರಡು ನೆಟ್‌ವರ್ಕ್ ಕೇಬಲ್‌ಗಳನ್ನು ಎಳೆದು, ವೇದಿಕೆಯ ಎರಡು ಬದಿಗಳಲ್ಲಿ ಒಂದೊಂದು ಡಾಂಟೆ ಸ್ಟೇಜ್ ಬಾಕ್ಸ್ (ಮೈಕ್‌ಗಳ ಧ್ವನಿಯನ್ನು ಅಂಕಿಗಳಾಗಿಸಿ ನೆಟ್‌ವರ್ಕ್ ಕೇಬಲಿನಲ್ಲಿ ಕಳಿಸುವ ಪೆಟ್ಟಿಗೆ) ಇರಿಸಿ ಈಗ ಎಂಟು ತಿಂಗಳಾಗಿದೆ. ಪ್ರತಿ ಪೆಟ್ಟಿಗೆಯಲ್ಲಿ ಹದಿನಾರು ಮೈಕ್ ಇನ್‌ಪುಟ್‌ಗಳೂ ಎಂಟು ಔಟ್‌ಪುಟ್‌ಗಳೂ ಇವೆ. ಇವುಗಳ ಜೊತೆಗೆ ಡಾಂಟೆ ಕಾರ್ಡ್ ಹಾಕಿದ ಡಿಜಿಟಲ್ ಮಿಕ್ಸರ್, ನೆಟ್‌ವರ್ಕ್ ಇನ್‌ಪುಟ್ ಇರುವ ಆಂಪ್ಲಿಫೈಯರ್‌ಗಳು ಮತ್ತು ಧ್ವನಿಮುದ್ರಣಕ್ಕಾಗಿ ಒಂದು ಲ್ಯಾಪ್‌ಟಾಪ್ ಸೇರಿ ನಮ್ಮ ಇಡೀ ವ್ಯವಸ್ಥೆಯಾಗುತ್ತದೆ.

ಪೆಟ್ಟಿಗೆಯ ಕಂಪನಿಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಬೇಕೆಂದಿರುವ ವಿಷಯದ ಬಹುಭಾಗ ಈ ವರ್ಗದ ಯಾವ ಪೆಟ್ಟಿಗೆಗೂ ಅನ್ವಯಿಸುತ್ತದೆ. ಪೆಟ್ಟಿಗೆ ನಿಜಕ್ಕೂ ಚೆನ್ನಾಗಿದೆ. ಆದರೆ ಅದು ಚೆನ್ನಾಗಿ ಕೆಲಸ ಮಾಡುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಮೂರು ಸಂಗತಿಗಳು, ಅಂದರೆ ನೆಟ್‌ವರ್ಕ್ ಕೇಬಲ್‌ಗಳನ್ನೆಲ್ಲ ಕೂಡಿಸುವ ನಡುವಿನ ಸ್ವಿಚ್, ಕಾಲಗಣನೆಯ ಕ್ಲಾಕ್ ಮತ್ತು ನಾವು ಕೊಡುವ ಹೆಸರುಗಳು, ಪೆಟ್ಟಿಗೆಯ ಜೊತೆ ಬರುವುದಿಲ್ಲ; ಅದರ ಕೈಪಿಡಿಯೂ ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಳ್ಳುವವರು ಇದನ್ನು ಮೊದಲೇ ತಿಳಿದಿದ್ದರೆ ನಾವು ಕಳೆದುಕೊಂಡ ಮೂರು ರಾತ್ರಿಗಳು ಅವರಿಗೆ ಉಳಿಯುತ್ತವೆ.

ಡಾಂಟೆ ಎಂಬುದು ಆಸ್ಟ್ರೇಲಿಯಾದ ಆಡಿನೇಟ್ ಸಂಸ್ಥೆ 2006ರಲ್ಲಿ ಹೊರತಂದ, ನೆಟ್‌ವರ್ಕ್ ಮೂಲಕ ಧ್ವನಿ ಸಾಗಿಸುವ ವ್ಯವಸ್ಥೆ. ನೆಟ್‌ವರ್ಕ್ ಕೇಬಲಿನಲ್ಲಿ ಧ್ವನಿ ಹರಿಸುವ ಪ್ರಯತ್ನ ಅದಕ್ಕೂ ಹಿಂದಿನದು. 1990ರ ದಶಕದಲ್ಲಿಯೇ ಕೋಬ್ರಾನೆಟ್ ದೊಡ್ಡ ಕಟ್ಟಡಗಳಲ್ಲಿ ಬಳಕೆಯಲ್ಲಿತ್ತು. ಡಾಂಟೆಯ ಅನುಕೂಲವೆಂದರೆ ಅದು ಸಾಮಾನ್ಯ ಗಿಗಾಬಿಟ್ ಸ್ವಿಚ್‌ಗಳ ಮೇಲೆಯೇ ಓಡುತ್ತದೆ ಮತ್ತು ಬೇರೆ ಬೇರೆ ಕಂಪನಿಗಳ ಸಾಧನಗಳು ಒಂದೇ ಜಾಲದಲ್ಲಿ ಪರಸ್ಪರ ಗುರುತಿಸಿಕೊಳ್ಳುತ್ತವೆ. ಇದಕ್ಕೆ ಎಷ್ಟು ಸಾಮರ್ಥ್ಯ ಬೇಕಾಗುತ್ತದೆ ಎಂಬ ಅಂಜಿಕೆ ಮೊದಲಿಗೆ ನಮಗೂ ಇತ್ತು. ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಅಳತೆಯನ್ನು 24 ಬಿಟ್‌ಗಳಲ್ಲಿ ಬರೆದರೆ ಒಂದು ಚಾನೆಲ್‌ಗೆ ಸೆಕೆಂಡಿಗೆ 11 ಲಕ್ಷ 52 ಸಾವಿರ ಬಿಟ್‌ಗಳಾಗುತ್ತವೆ. ಧ್ವನಿಯನ್ನು ತುಂಡು ತುಂಡಾಗಿ ಒಯ್ಯುವ ಕಟ್ಟುಗಳ, ಅಂದರೆ ಪ್ಯಾಕೆಟ್‌ಗಳ, ತಲೆಬರಹ ಇತ್ಯಾದಿ ಸೇರಿಸಿ ಸುಮಾರು ಒಂದೂವರೆ ಮೆಗಾಬಿಟ್ ಎಂದಿಟ್ಟುಕೊಂಡರೂ ನಮ್ಮ ಮೂವತ್ತೆರಡು ಮೈಕ್‌ಗಳಿಗೆ ಐವತ್ತು ಮೆಗಾಬಿಟ್ ಮುಟ್ಟುವುದಿಲ್ಲ. ಸಾವಿರ ಮೆಗಾಬಿಟ್‌ನ ದಾರಿಯಲ್ಲಿ ಇದು ಇಪ್ಪತ್ತರಲ್ಲಿ ಒಂದು ಪಾಲು. ಹೀಗಾಗಿ ತೊಂದರೆ ಬಂದಾಗ ದಾರಿ ಸಾಲದಾಯಿತೇ ಎಂದು ಹುಡುಕುವುದಕ್ಕಿಂತ, ಪ್ಯಾಕೆಟ್ ಹೊತ್ತಿಗೆ ಸರಿಯಾಗಿ ತಲುಪುತ್ತಿದೆಯೇ ಎಂದು ನೋಡುವುದು ಮೇಲು. ಈ ಮಾತಿನ ಅರ್ಥ ನಮಗೆ ತಡವಾಗಿ ಆಯಿತು.

ಕೇಬಲ್ ಎಳೆಯುವ ಕೆಲಸ ಸರಳ. ತಾಮ್ರದ ನೆಟ್‌ವರ್ಕ್ ಕೇಬಲಿಗೆ ನೂರು ಮೀಟರ್ ಮಿತಿ ಇದೆ, ಅದರಲ್ಲಿ ಎರಡು ತುದಿಗಳ ಚಿಕ್ಕ ಕೇಬಲ್‌ಗಳೂ ಸೇರುತ್ತವೆ. ನಮ್ಮದು ಅರ್ಧದಷ್ಟೂ ಇರಲಿಲ್ಲ. ಗೋಡೆಯೊಳಗೆ ಹೋಗುವ ಭಾಗಕ್ಕೆ ಒಂಟಿ ಎಳೆಯ ಗಟ್ಟಿ ತಂತಿಯನ್ನೂ, ವೇದಿಕೆಯ ಮೇಲೆ ಸುತ್ತಿ ಬಿಚ್ಚುವ ಭಾಗಕ್ಕೆ ಹಲವು ಎಳೆಗಳ ಮೆತ್ತಗಿನ ತಂತಿಯನ್ನೂ ಬಳಸಿದೆವು. ಪೆಟ್ಟಿಗೆಯಲ್ಲಿ ಲೋಹದ ಕವಚವಿರುವ ಈಥರ್‌ಕಾನ್ ಸಾಕೆಟ್ ಇರುವುದು ದೊಡ್ಡ ಸಮಾಧಾನ. ಸಾಮಾನ್ಯ ಆರ್‌ಜೆ45 ಕನೆಕ್ಟರ್‌ನ ಪ್ಲಾಸ್ಟಿಕ್ ನಾಲಿಗೆ ಮುರಿದರೆ ಕೇಬಲ್ ಅರ್ಧ ಕಳಚಿಕೊಂಡು ನಿಂತಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಕಾಲು ತಾಗುವ ಜಾಗದಲ್ಲಿ ಅಂಥದ್ದನ್ನು ನಂಬಬಾರದು. ಹಳೆಯ ಗುಂಯ್ ಸದ್ದು ಕೂಡ ಈ ಹಂತದಲ್ಲಿಯೇ ಮಾಯವಾಯಿತು. ನೆಟ್‌ವರ್ಕ್ ಪೋರ್ಟ್‌ನ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುವುದರಿಂದ ಎರಡು ತುದಿಗಳ ಅರ್ಥ್ ಒಂದಕ್ಕೊಂದು ಸೇರುವುದಿಲ್ಲ. ಆದರೆ ಲೋಹದ ಹೊದಿಕೆಯಿರುವ ಕೇಬಲಿನ ಹೊದಿಕೆಯನ್ನು ಎರಡೂ ತುದಿಗಳಲ್ಲಿ ಕವಚಕ್ಕೆ ಜೋಡಿಸಿದರೆ ಗುಂಯ್ ಸದ್ದು ತರುವ ಅರ್ಥ್ ಸುತ್ತು ಹಿಂಬಾಗಿಲಿನಿಂದ ಒಳಗೆ ಬರಬಹುದು ಎಂಬುದನ್ನು ನೆನಪಿಡಬೇಕು.

ಮೊದಲ ಪೆಟ್ಟು ಬಿದ್ದದ್ದು ಪೋರ್ಟ್‌ಗಳಲ್ಲಿ. ಪೆಟ್ಟಿಗೆಯ ಹಿಂಬದಿಯಲ್ಲಿ ಪ್ರೈಮರಿ, ಸೆಕೆಂಡರಿ ಎಂಬ ಎರಡು ಪೋರ್ಟ್‌ಗಳಿವೆ. ಒಂದು ತುಂಡಾದರೆ ಇನ್ನೊಂದು ಇರಲಿ ಎಂದು ಎರಡೂ ಕೇಬಲ್‌ಗಳನ್ನು ಒಂದೇ ಸ್ವಿಚ್‌ಗೆ ಸಿಕ್ಕಿಸಿದೆವು. ಕೆಲವೇ ಕ್ಷಣಗಳಲ್ಲಿ ಸ್ವಿಚ್‌ನ ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚೆದ್ದಂತೆ ಮಿನುಗತೊಡಗಿದವು, ಲ್ಯಾಪ್‌ಟಾಪ್‌ನ ಪರದೆಯಿಂದ ಸಾಧನಗಳು ಒಂದೊಂದಾಗಿ ಮಾಯವಾದವು, ಮಿಕ್ಸರ್ ಕೂಡ ಕಾಣದಾಯಿತು. ಆಗಿದ್ದು ಇಷ್ಟೇ: ಪೆಟ್ಟಿಗೆಯು ಕಾರ್ಖಾನೆಯಿಂದ ಬರುವಾಗ ಸರಪಳಿ ಜೋಡಣೆಗೆ ಅನುಕೂಲವಾಗುವ ಸ್ವಿಚ್ಡ್ ಸ್ಥಿತಿಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಎರಡು ಪೋರ್ಟ್‌ಗಳೂ ಒಳಗೇ ಒಂದು ಚಿಕ್ಕ ಸ್ವಿಚ್‌ನಂತೆ ಸೇರಿಕೊಂಡಿರುತ್ತವೆ. ಎರಡನ್ನೂ ಹೊರಗಿನ ಒಂದೇ ಸ್ವಿಚ್‌ಗೆ ಕೊಟ್ಟರೆ ಒಂದು ಸುತ್ತು ಏರ್ಪಟ್ಟು, ಹೊರಟ ಪ್ಯಾಕೆಟ್ ಕೊನೆಯಿಲ್ಲದೆ ಸುತ್ತುತ್ತಲೇ ಇರುತ್ತದೆ. ಪೋರ್ಟ್‌ಗಳನ್ನು ಒಂದು ಕೆಟ್ಟರೆ ಇನ್ನೊಂದು ನಡೆಸುವ ರಿಡಂಡೆಂಟ್ ಸ್ಥಿತಿಗೆ ಬದಲಾಯಿಸಿ, ಪೆಟ್ಟಿಗೆಯನ್ನು ಮರುಚಾಲನೆ ಮಾಡಿ, ಪ್ರೈಮರಿಗೆ ಒಂದು ಸ್ವಿಚ್ ಮತ್ತು ಸೆಕೆಂಡರಿಗೆ ಸಂಪೂರ್ಣವಾಗಿ ಬೇರೆಯದೇ ಸ್ವಿಚ್ ಇಡಬೇಕು. ಈ ಎರಡು ಜಾಲಗಳು ಎಲ್ಲಿಯೂ ಒಂದಕ್ಕೊಂದು ತಾಗಬಾರದು. ಸೆಕೆಂಡರಿ ಎಂದು ಅಚ್ಚು ಹಾಕಿದ ಪೋರ್ಟ್ ಮೊದಲ ದಿನ ಸೆಕೆಂಡರಿಯಾಗಿ ಕೆಲಸ ಮಾಡುವುದಿಲ್ಲ ಎಂಬುದನ್ನು ಕೈಪಿಡಿಯ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೇಳಬೇಕಿತ್ತು. ಅದು ಇದ್ದದ್ದು ಕೊನೆಯ ಪುಟಗಳ ಒಂದು ಕೋಷ್ಟಕದ ಕೆಳಗೆ.

ಎರಡನೆಯ ತೊಂದರೆಯನ್ನು ಹಿಡಿಯಲು ಎರಡು ರಾತ್ರಿ ಬೇಕಾದವು, ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. ಎಲ್ಲ ಜೋಡಣೆ ಮುಗಿದು, ಮೈಕ್‌ಗಳೆಲ್ಲ ಮಾತಾಡಿ, ಎಲ್ಲರೂ ಸಂತೋಷದಿಂದಿದ್ದಾಗ ಸ್ಪೀಕರ್‌ನಿಂದ ಒಮ್ಮೆ ‘ಟಿಕ್’ ಎಂಬ ಸದ್ದು ಕೇಳಿಸಿತು. ಮಾತಿನ ನಡುವೆ ಬಂದಿದ್ದರೆ ಯಾರ ಗಮನಕ್ಕೂ ಬಾರದಷ್ಟು ಚಿಕ್ಕ ಸದ್ದು. ಹತ್ತಾರು ನಿಮಿಷಗಳ ಬಳಿಕ ಮತ್ತೊಮ್ಮೆ. ಪರೀಕ್ಷೆಗಾಗಿ ಒಂದು ಕಿಲೋಹರ್ಟ್ಸ್‌ನ ಶುದ್ಧ ಸ್ವರವನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಕಳಿಸಿ, ದೀಪ ಆರಿಸಿದ ಖಾಲಿ ಸಭಾಂಗಣದಲ್ಲಿ ಕುಳಿತು ಕೇಳಿದೆವು. ಒಂದೇ ಸಮನೆ ಹೋಗುವ ಸ್ವರದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕಿವಿಗೆ ಚುಚ್ಚುತ್ತದೆ. ವಿಚಿತ್ರವೆಂದರೆ ಎಲ್ಲ ಚಾನೆಲ್‌ಗಳೂ ಹರಿಯುತ್ತಿರುವಾಗ ಟಿಕ್ ಅಪರೂಪವಾಗಿತ್ತು, ಒಂದೋ ಎರಡೋ ಚಾನೆಲ್ ಇದ್ದಾಗಲೇ ಹೆಚ್ಚು. ಹೊರೆ ಕಡಿಮೆಯಾದರೆ ತೊಂದರೆ ಹೆಚ್ಚುವುದು ಯಾವ ಲೆಕ್ಕಕ್ಕೂ ಸಿಗಲಿಲ್ಲ. ಮೊದಲು ಕೇಬಲ್ ಬದಲಾಯಿಸಿದೆವು, ಆಮೇಲೆ ಪೆಟ್ಟಿಗೆಗಳನ್ನೇ ಅದಲುಬದಲು ಮಾಡಿದೆವು, ಕೊನೆಗೆ ಕಾರ್ಖಾನೆಯ ದೋಷವೆಂದು ಪೆಟ್ಟಿಗೆಯನ್ನು ಹಿಂದಿರುಗಿಸುವ ಮಾತೂ ಬಂತು.

ಉತ್ತರ ಸಿಕ್ಕಿದ್ದು ಡಾಂಟೆ ಕಂಟ್ರೋಲರ್ ತಂತ್ರಾಂಶದಲ್ಲಿ. ಅದರಲ್ಲಿ ಪ್ರತಿ ಸಾಧನದ ಕ್ಲಾಕ್ ಎಷ್ಟು ಸ್ಥಿರವಾಗಿದೆ ಎಂದು ತೋರಿಸುವ ನಕ್ಷೆಯೂ, ಪ್ಯಾಕೆಟ್‌ಗಳು ಎಷ್ಟು ತಡವಾಗಿ ತಲುಪುತ್ತಿವೆ ಎಂದು ತೋರಿಸುವ ಇನ್ನೊಂದು ನಕ್ಷೆಯೂ ಇವೆ. ಹೆಚ್ಚಿನವರು ಈ ಪುಟಗಳನ್ನು ತೆರೆಯುವುದೇ ಇಲ್ಲ. ಕ್ಲಾಕ್ ನಕ್ಷೆಯಲ್ಲಿ ಕಂಬಗಳು ನಡುವೆ ಒತ್ತಾಗಿ ನಿಲ್ಲಬೇಕು. ನಮ್ಮದು ಎರಡೂ ಕಡೆಗೆ ಚದುರಿ ಹರಡಿತ್ತು. ಡಾಂಟೆ ಸಾಧನಗಳು ಐಇಇಇ 1588 ಎಂಬ ಕಾಲಹೊಂದಿಕೆಯ ಶಿಷ್ಟಾಚಾರದ ಪ್ರಕಾರ ಒಂದನ್ನೊಂದು ಕೇಳಿಕೊಂಡು ಒಂದೇ ತಾಳಕ್ಕೆ ನಡೆಯುತ್ತವೆ. 48 ಕಿಲೋಹರ್ಟ್ಸ್‌ನಲ್ಲಿ ಎರಡು ಅಳತೆಗಳ ನಡುವಿನ ಅಂತರ 21 ಮೈಕ್ರೋಸೆಕೆಂಡಿಗಿಂತಲೂ ಕಡಿಮೆ ಎಂಬುದನ್ನು ನೆನೆದರೆ ಕಾಲ ತಿಳಿಸುವ ಪ್ಯಾಕೆಟ್ ದಾರಿಯಲ್ಲಿ ತೂಕಡಿಸಿದರೆ ಏನಾಗುತ್ತದೆ ಎಂದು ಊಹಿಸಬಹುದು. ನಮ್ಮ ಸ್ವಿಚ್ ತೂಕಡಿಸುತ್ತಿತ್ತು. ವಿದ್ಯುತ್ ಉಳಿಸುವುದಕ್ಕಾಗಿ ಇರುವ ಎನರ್ಜಿ ಎಫಿಶಿಯಂಟ್ ಈಥರ್ನೆಟ್ ಎಂಬ ಸೌಲಭ್ಯ ಅದರಲ್ಲಿ ಚಾಲೂ ಇತ್ತು. ಸಂಚಾರ ಕಡಿಮೆಯಾದೊಡನೆ ಪೋರ್ಟ್ ಮಲಗುತ್ತಿತ್ತು, ಪ್ಯಾಕೆಟ್ ಬಂದಾಗ ಎಚ್ಚರಗೊಳ್ಳಲು ಒಂದು ಕ್ಷಣದ ಸಣ್ಣ ಪಾಲನ್ನು ತೆಗೆದುಕೊಳ್ಳುತ್ತಿತ್ತು. ಹೊರೆ ಕಡಿಮೆಯಿದ್ದಾಗಲೇ ಟಿಕ್ ಏಕೆ ಹೆಚ್ಚು ಎಂಬುದು ಆಗ ತಿಳಿಯಿತು.

ಎಲ್ಲ ಪೋರ್ಟ್‌ಗಳಲ್ಲಿಯೂ ಆ ಸೌಲಭ್ಯವನ್ನು ನಿಲ್ಲಿಸಿದೆವು. ಜೊತೆಗೆ ಯಾವ ಪ್ಯಾಕೆಟ್‌ಗೆ ಮೊದಲ ದಾರಿ ಎಂಬ ಆದ್ಯತೆಯ ವ್ಯವಸ್ಥೆಯನ್ನೂ ಸರಿಪಡಿಸಿದೆವು. ಡಾಂಟೆ ಸಾಧನಗಳು ಕಾಲದ ಪ್ಯಾಕೆಟ್‌ಗಳಿಗೆ 56, ಧ್ವನಿಯ ಪ್ಯಾಕೆಟ್‌ಗಳಿಗೆ 46 ಎಂಬ ಆದ್ಯತೆಯ ಗುರುತನ್ನು (ಡಿಎಸ್‌ಸಿಪಿ) ತಾವೇ ಹಾಕಿ ಕಳಿಸುತ್ತವೆ. ಆ ಗುರುತನ್ನು ನಂಬಿ, 56ಕ್ಕೆ ಎಲ್ಲಕ್ಕಿಂತ ಮೇಲಿನ ಸಾಲು, 46ಕ್ಕೆ ಅದರ ಕೆಳಗಿನ ಸಾಲು ಎಂದು ಕಟ್ಟುನಿಟ್ಟಾಗಿ ನಡೆಸುವಂತೆ ಸ್ವಿಚ್‌ಗೆ ಹೇಳಬೇಕು. ಬಳಿಕ ಅದೇ ಸ್ವರವನ್ನು ರಾತ್ರಿಯಿಡೀ ಹರಿಸಿ ಧ್ವನಿಮುದ್ರಿಸಿಕೊಂಡು, ಬೆಳಿಗ್ಗೆ ಅಲೆಯ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆವು. ಒಂದೂ ಬಿರುಕಿರಲಿಲ್ಲ. ಅಂದು ನನಗಾದ ನೆಮ್ಮದಿ ಅಷ್ಟಿಷ್ಟಲ್ಲ. ಆದ್ದರಿಂದ ನನ್ನ ಮೊದಲ ಸಲಹೆ ಪೆಟ್ಟಿಗೆಗಿಂತ ಸ್ವಿಚ್‌ಗೆ ಸಂಬಂಧಿಸಿದ್ದು: ಒಳಗಿನ ಹೊಂದಾಣಿಕೆಗಳನ್ನು ತೆರೆದು ಬದಲಾಯಿಸಲು ಬರುವ ಮ್ಯಾನೇಜ್ಡ್ ಸ್ವಿಚ್ ಕೊಳ್ಳಿರಿ. ಹೊಂದಾಣಿಕೆಗೆ ಅವಕಾಶವೇ ಇಲ್ಲದ ಸ್ವಿಚ್‌ನಲ್ಲಿ ವಿದ್ಯುತ್ ಉಳಿಸುವ ಸೌಲಭ್ಯ ಒಳಗೇ ಚಾಲೂ ಇದ್ದರೆ ಅದನ್ನು ನಿಲ್ಲಿಸುವ ದಾರಿಯೇ ಇರುವುದಿಲ್ಲ.

ಕ್ಲಾಕ್ ವಿಷಯದಲ್ಲಿ ಇನ್ನೊಂದು ಮಾತು. ಜಾಲದಲ್ಲಿರುವ ಸಾಧನಗಳು ತಮ್ಮಲ್ಲೇ ಒಂದನ್ನು ಮುಂದಾಳಾಗಿ ಆರಿಸಿಕೊಳ್ಳುತ್ತವೆ, ಉಳಿದವು ಅದನ್ನು ಹಿಂಬಾಲಿಸುತ್ತವೆ. ಈ ಆಯ್ಕೆ ತಾನಾಗಿಯೇ ಆಗುತ್ತದೆಯಾದರೂ ಸದಾ ವಿದ್ಯುತ್‌ನಲ್ಲಿರುವ ಒಂದು ಸಾಧನಕ್ಕೆ ಆದ್ಯತೆಯ ಗುರುತು ಹಾಕಿಡುವುದು ಒಳ್ಳೆಯದು. ನಾವು ಎಡಬದಿಯ ಸ್ಟೇಜ್ ಬಾಕ್ಸ್‌ಗೆ ಹಾಕಿದ್ದೇವೆ. ಮಿಕ್ಸರ್‌ನಲ್ಲಿ ಕ್ಲಾಕ್ ಮೂಲವನ್ನು ಒಳಗಿನದರ ಬದಲು ಡಾಂಟೆ ಕಾರ್ಡ್‌ಗೆ ಬದಲಾಯಿಸುವುದನ್ನು ಮರೆಯಬಾರದು. ಮರೆತರೆ ಎರಡು ಗಡಿಯಾರಗಳು ಒಂದೇ ಮನೆಯಲ್ಲಿ ಬೇರೆ ಬೇರೆ ಹೊತ್ತು ತೋರಿಸಿದಂತಾಗಿ ಮತ್ತೆ ಅದೇ ಟಿಕ್ ಶುರುವಾಗುತ್ತದೆ.

ಯಾವ ಚಾನೆಲ್ ಎಲ್ಲಿಗೆ ಹೋಗಬೇಕೆಂದು ಜೋಡಿಸುವ ರೂಟಿಂಗ್ ಕೆಲಸದ ಅನುಭವ ಮಾತ್ರ ಮೊದಲ ದಿನದಿಂದಲೂ ಹಿತವಾಗಿದೆ. ಡಾಂಟೆ ಕಂಟ್ರೋಲರ್ ಉಚಿತವಾಗಿ ಸಿಗುತ್ತದೆ. ಕಳಿಸುವ ಸಾಧನಗಳು ಮೇಲ್ಗಡೆ, ಪಡೆಯುವ ಸಾಧನಗಳು ಎಡಗಡೆ, ನಡುವೆ ಚೌಕಗಳ ಜಾಲ. ಎರಡು ಸಾಲುಗಳು ಕೂಡುವ ಚೌಕವನ್ನು ಒತ್ತಿದರೆ ಹಸಿರು ಗುರುತು ಬಂದು ಧ್ವನಿ ಹರಿಯುತ್ತದೆ. ಹಿಂದೆ ಪ್ಯಾಚ್ ಬೇ (ಕೇಬಲ್‌ಗಳನ್ನು ಕೈಯಿಂದ ಅದಲುಬದಲು ಸಿಕ್ಕಿಸುವ ಫಲಕ) ಮುಂದೆ ಮಂಡಿಯೂರಿ ಟಾರ್ಚ್ ಹಿಡಿದು ಮಾಡುತ್ತಿದ್ದ ಕೆಲಸ ಈಗ ಕುಳಿತಲ್ಲಿಯೇ ಆಗುತ್ತದೆ. ಒಮ್ಮೆ ಜೋಡಿಸಿದ ಮೇಲೆ ಆ ಸಂಬಂಧದ ನೆನಪು ಪಡೆಯುವ ಸಾಧನದಲ್ಲಿಯೇ ಉಳಿಯುವುದರಿಂದ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಒಯ್ದರೂ ಧ್ವನಿ ನಿಲ್ಲುವುದಿಲ್ಲ. ಲ್ಯಾಪ್‌ಟಾಪ್‌ಗೆ ಸಾಧನಗಳು ಕಾಣದಿದ್ದರೆ ಮಾತ್ರ ಗಾಬರಿಯಾಗದೆ, ತಂತ್ರಾಂಶವು ವೈಫೈ ಕಡೆ ನೋಡುತ್ತಿಲ್ಲವೇ, ಫೈರ್‌ವಾಲ್ ಅಡ್ಡ ಬಂದಿಲ್ಲವೇ ಎಂದು ನೋಡಬೇಕು. ಡಾಂಟೆ ಧ್ವನಿ ತಂತಿಯ ಜಾಲದ ಮೇಲೆಯೇ ಹರಿಯಬೇಕು.

ಈ ನೆನಪು ಹೆಸರಿನ ಮೇಲೆ ನಿಂತಿದೆ ಎಂಬುದು ಬಹು ಮುಖ್ಯ. ಮಿಕ್ಸರ್‌ನ ಒಂದನೇ ಚಾನೆಲ್ ನೆನಪಿಟ್ಟುಕೊಳ್ಳುವುದು ‘ವೇದಿಕೆ ಎಡ ಪೆಟ್ಟಿಗೆಯ ಇಂಥ ಹೆಸರಿನ ಚಾನೆಲ್’ ಎಂದೇ ಹೊರತು ಯಾವುದೋ ಪೋರ್ಟ್‌ನ ಸಂಖ್ಯೆಯನ್ನಲ್ಲ. ಅಚ್ಚುಕಟ್ಟಾಗಿರಲಿ ಎಂದು ಯಾರಾದರೂ ನಡುವೆ ಪೆಟ್ಟಿಗೆಯ ಹೆಸರು ಬದಲಾಯಿಸಿದರೆ ಆ ಕ್ಷಣವೇ ಅದರಿಂದ ಹೊರಡುವ ಎಲ್ಲ ಸಂಬಂಧಗಳೂ ಕಡಿದುಹೋಗುತ್ತವೆ. ಸಾಧನದ ಹೆಸರಿಗೆ 31 ಅಕ್ಷರಗಳ ಮಿತಿಯಿದೆ, ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆ ಬಿಟ್ಟು ಬೇರೇನೂ ಸಲ್ಲದು. ಹೆಸರಿಡುವಾಗ ಪೆಟ್ಟಿಗೆಯ ಮಾದರಿ ಸಂಖ್ಯೆಗಿಂತ ಅದು ಇರುವ ಜಾಗವನ್ನು ಬಳಸುವುದೇ ಸರಿ. ಮೊದಲ ದಿನವೇ ಹೆಸರಿಟ್ಟು, ಎಲ್ಲ ಜೋಡಣೆಯನ್ನೂ ಪ್ರೀಸೆಟ್ ಕಡತವಾಗಿ ಉಳಿಸಿ, ಸಾಧನಗಳಿಗೆ ನಾಲ್ಕು ಅಂಕಿಯ ಪಿನ್ ಬೀಗ ಹಾಕಿಬಿಡಬೇಕು.

ಒಂದೇ ಚಾನೆಲ್ ಹಲವು ಕಡೆಗೆ ಹೋಗಬೇಕಾದಾಗ ಮಲ್ಟಿಕಾಸ್ಟ್ ಬಳಸಬೇಕಾಗುತ್ತದೆ. ಸಾಮಾನ್ಯವಾಗಿ ಕಳಿಸುವ ಸಾಧನ ಪ್ರತಿಯೊಬ್ಬ ಪಡೆಯುವವರಿಗೂ ಬೇರೆ ಬೇರೆ ಹರಿವನ್ನು ಕಳಿಸುತ್ತದೆ, ಅಂಥ ಹರಿವುಗಳ ಸಂಖ್ಯೆಗೆ ಮಿತಿಯಿದೆ. ಮಲ್ಟಿಕಾಸ್ಟ್ ಆದರೆ ಒಂದೇ ಹರಿವು ಎಲ್ಲರಿಗೂ ಸಾಕು, ಆದರೆ ಕೇಳಿದ ಪೋರ್ಟ್‌ಗಳಿಗೆ ಮಾತ್ರ ಕಳಿಸುವ ಐಜಿಎಂಪಿ ಸ್ನೂಪಿಂಗ್ ಎಂಬ ಸೌಲಭ್ಯ ಸ್ವಿಚ್‌ನಲ್ಲಿ ಇಲ್ಲದಿದ್ದರೆ ಅದು ಕೇಳಿದವರಿಗೂ ಕೇಳದವರಿಗೂ ಎಲ್ಲ ಪೋರ್ಟ್‌ಗಳಿಗೂ ನುಗ್ಗುತ್ತದೆ. ನಾವು ಮೂರಕ್ಕಿಂತ ಹೆಚ್ಚು ಕಡೆ ಹೋಗುವ ಚಾನೆಲ್‌ಗಳಿಗೆ ಮಾತ್ರ ಇದನ್ನು ಇಟ್ಟುಕೊಂಡಿದ್ದೇವೆ.

ವಿಳಂಬದ ಬಗ್ಗೆ ಹಾಡುವವರು, ನುಡಿಸುವವರು ಮೊದಲು ಅನುಮಾನದಿಂದ ನೋಡಿದರು. ಡಾಂಟೆಯ ಸಾಮಾನ್ಯ ಹೊಂದಾಣಿಕೆ ಒಂದು ಮಿಲಿಸೆಕೆಂಡ್. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಧ್ವನಿ ಸಾಗುವುದು ಸುಮಾರು 34 ಸೆಂಟಿಮೀಟರ್, ಅಂದರೆ ಮಾನಿಟರ್ ಸ್ಪೀಕರ್ ಅನ್ನು ಒಂದು ಮೊಳಕ್ಕಿಂತ ಕಡಿಮೆ ದೂರ ಹಿಂದೆ ಸರಿಸಿದಷ್ಟೇ ವ್ಯತ್ಯಾಸ. ಇದನ್ನು ವೇದಿಕೆಯ ಮೇಲೆ ಕೈಯಿಂದ ಅಳೆದು ತೋರಿಸಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಹಾಕುವ ಡಾಂಟೆ ವರ್ಚುವಲ್ ಸೌಂಡ್‌ಕಾರ್ಡ್‌ನ ವಿಳಂಬ 4, 6 ಅಥವಾ 10 ಮಿಲಿಸೆಕೆಂಡ್ ಇರುತ್ತದೆ. ಧ್ವನಿಮುದ್ರಣಕ್ಕೆ ಅದು ಏನೂ ಅಲ್ಲ. ಆ ತಂತ್ರಾಂಶಕ್ಕೆ ಪರವಾನಗಿ ಬೇರೆಯಾಗಿ ಕೊಳ್ಳಬೇಕು.

ನನ್ನ ನಿಜವಾದ ಅಸಮಾಧಾನವಿರುವುದು ಮೈಕ್ ಪ್ರೀಆಂಪ್‌ಗಳ, ಅಂದರೆ ಮೈಕ್‌ನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಭಾಗಗಳ, ನಿಯಂತ್ರಣದಲ್ಲಿ. ಡಾಂಟೆ ಧ್ವನಿಯನ್ನು ಒಯ್ಯುತ್ತದೆ. ಹಿಗ್ಗಿಸುವ ಪ್ರಮಾಣ, ಅಂದರೆ ಗೇನ್, ಎಷ್ಟಿರಬೇಕು, ಕೇಬಲಿನ ಮೂಲಕವೇ ಮೈಕ್‌ಗೆ ಕೊಡುವ 48 ವೋಲ್ಟ್‌ನ ಫ್ಯಾಂಟಮ್ ಪವರ್ ಯಾವ ಮೈಕ್‌ಗೆ ಬೇಕು ಎಂಬುದನ್ನು ಪ್ರತಿ ಕಂಪನಿ ತನ್ನದೇ ರೀತಿಯಲ್ಲಿ ನಡೆಸುತ್ತದೆ. ನಮ್ಮ ಮಿಕ್ಸರ್ ಮತ್ತು ಪೆಟ್ಟಿಗೆ ಬೇರೆ ಬೇರೆ ಕಂಪನಿಗಳವಾದ್ದರಿಂದ ಮಿಕ್ಸರ್‌ನ ಗೇನ್ ಗುಂಡಿ ಪೆಟ್ಟಿಗೆಯನ್ನು ಮುಟ್ಟುವುದೇ ಇಲ್ಲ. ಅದಕ್ಕಾಗಿ ಬೇರೊಂದು ತಂತ್ರಾಂಶವನ್ನು ತೆರೆದಿಟ್ಟುಕೊಳ್ಳಬೇಕು. ಕಾರ್ಯಕ್ರಮದ ನಡುವೆ ಮೈಕ್ ಚೀರಿದಾಗ ಕೈ ತಾನಾಗಿ ಮಿಕ್ಸರ್‌ನ ಗುಂಡಿಗೆ ಹೋಗುತ್ತದೆ, ಅದರಿಂದ ಪ್ರಯೋಜನವಿಲ್ಲವೆಂದು ಹೊಳೆಯುವಷ್ಟರಲ್ಲಿ ತಡವಾಗಿರುತ್ತದೆ. ಕೊಳ್ಳುವ ಮುನ್ನ ಈ ಮಿಕ್ಸರ್‌ನಿಂದ ಈ ಪೆಟ್ಟಿಗೆಯ ಗೇನ್ ಬದಲಾಗುತ್ತದೆಯೇ ಎಂದು ಕಣ್ಣಾರೆ ನೋಡಿಯೇ ಕೊಳ್ಳಬೇಕು. ಎರಡು ಮಿಕ್ಸರ್‌ಗಳು ಒಂದೇ ಪ್ರೀಆಂಪ್ ಹಂಚಿಕೊಂಡಾಗ ಇನ್ನೊಂದು ಎಚ್ಚರ ಬೇಕು: ಸಭಿಕರಿಗಾಗಿ ಗೇನ್ ಇಳಿಸಿದರೆ ಕಲಾವಿದರ ಕಿವಿಯಲ್ಲಿಯೂ ಇಳಿಯುತ್ತದೆ. ಗೇನ್ ಮುಟ್ಟುವವರು ಒಬ್ಬರೇ ಎಂದು ನಾವು ಮೊದಲೇ ತೀರ್ಮಾನಿಸಿಕೊಳ್ಳುತ್ತೇವೆ.

ರಿಡಂಡೆಂಟ್ ಜೋಡಣೆಯನ್ನು ಪರೀಕ್ಷಿಸದೆ ನಂಬಬಾರದೆಂದು, ಸ್ವರ ಹರಿಯುತ್ತಿರುವಾಗಲೇ ಪ್ರೈಮರಿ ಸ್ವಿಚ್‌ನ ವಿದ್ಯುತ್ ತಂತಿಯನ್ನು ಕಿತ್ತೆವು. ವೇದಿಕೆಯಿಂದ ಮಿಕ್ಸರ್‌ಗೆ, ಮಿಕ್ಸರ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ಸ್ವರ ಎಳ್ಳಷ್ಟೂ ಅಲುಗಲಿಲ್ಲ. ಲ್ಯಾಪ್‌ಟಾಪ್‌ನ ಧ್ವನಿಮುದ್ರಣ ಮಾತ್ರ ನಿಂತಿತು, ಏಕೆಂದರೆ ವರ್ಚುವಲ್ ಸೌಂಡ್‌ಕಾರ್ಡ್‌ಗೆ ಸೆಕೆಂಡರಿ ಜಾಲವಿಲ್ಲ. ಮರಳಿ ತಂತಿ ಸಿಕ್ಕಿಸಿದಾಗಲೂ ಯಾವ ಸದ್ದೂ ಬರಲಿಲ್ಲ. ಈ ಒಂದು ಕಾರಣಕ್ಕಾಗಿಯೇ ಎರಡನೆಯ ಸ್ವಿಚ್‌ಗೂ ಎರಡನೆಯ ಕೇಬಲಿಗೂ ಖರ್ಚು ಮಾಡುವುದು ಸಾರ್ಥಕ. ಸ್ವಿಚ್‌ಗಳನ್ನು ಬೇರೆ ಬೇರೆ ಯುಪಿಎಸ್‌ಗಳಿಗೆ ಕೊಟ್ಟರಷ್ಟೇ ಈ ಏರ್ಪಾಡು ಪೂರ್ಣವಾಗುತ್ತದೆ.

ನಾಲ್ಕು ಮೈಕ್, ಎರಡು ಸ್ಪೀಕರ್ ಇರುವ ಚಿಕ್ಕ ಕೋಣೆಗೆ ಇಷ್ಟೆಲ್ಲ ಬೇಕಾಗಿಲ್ಲ. ಅಲ್ಲಿ ಸಾದಾ ಕೇಬಲ್ ಇಂದಿಗೂ ಸಾಕು. ಹದಿನಾರಕ್ಕಿಂತ ಹೆಚ್ಚು ಚಾನೆಲ್ ಇದ್ದು, ಒಂದೇ ಧ್ವನಿ ಮಿಕ್ಸರ್‌ಗೂ ಧ್ವನಿಮುದ್ರಣಕ್ಕೂ ಪಕ್ಕದ ಕೋಣೆಗೂ ಹೋಗಬೇಕಾದ ಕಡೆ ನಾನು ಹಿಂಜರಿಯದೆ ಇದನ್ನೇ ಆರಿಸುತ್ತೇನೆ.

ಕಳೆದ ತಿಂಗಳು ಬಲಬದಿಯ ಪೆಟ್ಟಿಗೆಯ ಪವರ್ ಸಪ್ಲೈ ಕಾರ್ಯಕ್ರಮಕ್ಕೆ ಒಂದು ಗಂಟೆ ಇರುವಾಗ ಕೈಕೊಟ್ಟಿತು. ಅದೇ ಮಾದರಿಯ ಬಿಡಿ ಪೆಟ್ಟಿಗೆಯೊಂದು ಉಗ್ರಾಣದಲ್ಲಿತ್ತು. ಕೆಟ್ಟದ್ದನ್ನು ಕಳಚಿ, ಬಿಡಿಯದನ್ನು ರಿಡಂಡೆಂಟ್ ಸ್ಥಿತಿಗೆ ತಂದು, ಅದಕ್ಕೆ ಅದೇ ಹೆಸರನ್ನೂ ಚಾನೆಲ್‌ಗಳಿಗೆ ಹಳೆಯ ಹೆಸರುಗಳನ್ನೂ ಪ್ರೀಸೆಟ್‌ನಿಂದ ತುಂಬಿ, ಎರಡು ಕೇಬಲ್ ಸಿಕ್ಕಿಸಿದೆವು. ಮಿಕ್ಸರ್‌ನಲ್ಲಿ ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ಹದಿನಾರು ಚೌಕಗಳಲ್ಲಿ ಹಸಿರು ಗುರುತು ಒಂದರ ಹಿಂದೆ ಒಂದು ಮರಳಿ ಬಂತು. ಗೇನ್‌ಗಳನ್ನು ಮಾತ್ರ ಕಾಗದದಲ್ಲಿ ಬರೆದಿಟ್ಟಿದ್ದ ಪಟ್ಟಿಯನ್ನು ನೋಡಿ, ಒಂದೊಂದಾಗಿ ಕೈಯಿಂದಲೇ ಹಾಕಬೇಕಾಯಿತು.